ತುಳಸಿಯ ಸುತ್ತು, ಸೀಡಿಯ ಸುತ್ತು

ವಿಲೆ ಪಾರ್ಲೆಯ ನಮ್ಮ ಮನೆಯ ಗ್ಯಾಲರಿಯಲ್ಲಿ ಒಂದು ಹಳೆಯ ಸೀಡಿ ದಾರದ ತುದಿಯಲ್ಲಿ ನೇತಾಡುತ್ತಿದೆ. ಪಾರಿವಾಳಗಳನ್ನು ಹೆದರಿಸಲಿ ಎಂದು ಕಟ್ಟಿದ್ದು. ಅದರ ಹೊಳಪು ಕಂಡರೆ ಪಾರಿವಾಳ ಹತ್ತಿರ ಸುಳಿಯುವುದಿಲ್ಲ ಎಂದು ಎದುರು ಬಿಲ್ಡಿಂಗಿನವರು ಆಣೆಯಿಟ್ಟು ಹೇಳಿದ್ದರು. ನಮ್ಮ ಪಾರಿವಾಳಗಳಿಗೆ ಯಾರೂ ಆ ವಿಷಯ ತಿಳಿಸಿದಂತಿಲ್ಲ. ಅವು ಸೀಡಿಯ ಎದುರಿಗೇ ಸರಳಿನ ಮೇಲೆ ಕೂತು, ಅದರಲ್ಲಿ ಮುಖ ನೋಡಿಕೊಂಡು, ಕತ್ತು ಕೊಂಕಿಸಿ, ಸಿಂಗಾರ ಮುಗಿದ ಮೇಲೆ ಗ್ಯಾಲರಿ ಹೊಲಸು ಮಾಡಿ ಹೋಗುತ್ತವೆ. ನಾನು ಬೈಯುತ್ತ ಒರೆಸುತ್ತೇನೆ.

ಆದರೂ ಅದನ್ನು ಬಿಚ್ಚಿಲ್ಲ. ಗಾಳಿ ಬೀಸಿದಾಗ ಅದು ಗಿರಗಿರನೆ ತಿರುಗುತ್ತದೆ, ಗಾಳಿ ಇಳಿದಂತೆ ನಿಧಾನವಾಗುತ್ತದೆ. ಹಾಗೆ ನಿಧಾನವಾಗುವುದನ್ನು ಕಂಡಾಗಲೆಲ್ಲ ನನ್ನ ಎದೆ ಉಬ್ಬುತ್ತದೆ. ಸೀಡಿ ನಿಧಾನವಾಯಿತೆಂದು ಎದೆಯುಬ್ಬಿಸುವ ಹೆಂಗಸನ್ನು ನೀವು ಕಂಡಿರಲಾರಿರಿ. ನಗುವುದಾದರೆ ಈಗಲೇ ನಕ್ಕುಬಿಡಿ, ಯಾಕೆಂದರೆ ನಾನು ಹೇಳಹೊರಟಿರುವುದು ನನ್ನ ದಿಗ್ವಿಜಯದ ಕಥೆ, ಅದರಲ್ಲಿ ವಿನಯಕ್ಕೆ ಹೆಚ್ಚು ಜಾಗವಿಲ್ಲ.

ತಿರುಗುವ ವಸ್ತುಗಳಿಗೂ ನನಗೂ ನಂಟು ಹಳೆಯದು. ಮೈಸೂರಿನ ನಮ್ಮ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇತ್ತು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಕೀಲಿ ಸಡಿಲವಾಗುತ್ತಿತ್ತು. ಇಂಪಾಗಿ ಹಾಡುತ್ತಿದ್ದ ಗಾಯಕಿ ನಾವು ನೋಡನೋಡುತ್ತಿದ್ದಂತೆಯೇ ಗಂಡಸಾಗಿ, ಆಮೇಲೆ ನೆಗಡಿಯಾದ ಗಂಡಸಾಗಿ, ಕೊನೆಗೆ ಕೊಟ್ಟಿಗೆಯ ಎಮ್ಮೆಯಾಗುತ್ತಿದ್ದಳು. ಅಪ್ಪ ಆರಾಮಕುರ್ಚಿಯಿಂದಲೇ "ಕೀಲಿ! ಕೀಲಿ!" ಎಂದು ಬೆಂಕಿ ಬಿದ್ದವರಂತೆ ಕೂಗುತ್ತಿದ್ದರು. ಓಡಿಹೋಗಿ ತಿರುಗಿಸುವುದು ನನ್ನ ಕೆಲಸ. ಎಮ್ಮೆ ಮತ್ತೆ ಮೇಲೇರಿ ಹೆಂಗಸಾಗುವಾಗ ಮನೆಯವರೆಲ್ಲ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಮುಂದೆ ಟೇಪ್‌ರೆಕಾರ್ಡರ್ ಬಂತು, ಅದರಲ್ಲೂ ಅದೇ ಪಾಡು. ಸೆಲ್ಲುಗಳು ಸೊರಗಿದರೆ ಭಜನೆ ಶೋಕಗೀತೆಯಾಗುತ್ತಿತ್ತು. ಸೆಲ್ಲುಗಳನ್ನು ಹಪ್ಪಳದ ಪಕ್ಕದಲ್ಲಿ ಬಿಸಿಲಿಗಿಟ್ಟು ಜೀವ ಬರಿಸುತ್ತಿದ್ದೆವು. ನಿಮ್ಮ ಮನೆಯಲ್ಲೂ ಇಟ್ಟಿರುತ್ತೀರಿ, ಸುಮ್ಮನೆ ಒಪ್ಪಿಕೊಳ್ಳಿ.

ಹೀಗೆ ಬೆಳೆದವರಿಗೆ ಒಂದು ಮಾತು ರಕ್ತದಲ್ಲೇ ಇಳಿದಿರುತ್ತದೆ: ತಿರುಗುವುದು ಒಂದೇ ವೇಗದಲ್ಲಿ ತಿರುಗಬೇಕು, ನಿಧಾನವಾಯಿತೋ ಹಾಡು ಕೆಟ್ಟಿತು. ಈ ಮಾತನ್ನು ಮನಸ್ಸಿನಲ್ಲಿಡಿ. ಇದೇ ಮುಂದೆ ನಮ್ಮೆಲ್ಲರನ್ನೂ ಹಳ್ಳಕ್ಕೆ ಕೆಡವಿದ್ದು.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದೆ. ಹೆಣ್ಣು ನೋಡಲು ಮುಂಬಯಿಯಿಂದ ಬಂದವರು ಉಪ್ಪಿಟ್ಟು ತಿಂದು, ವಾಡಿಕೆಯಂತೆ "ಹಾಡ್ತೀಯೇನಮ್ಮ?" ಎಂದರು. "ಹಾಡಕ್ಕೆ ಬರಲ್ಲ. ಹಾಡೋ ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡ್ತೀನಿ" ಎಂದೆ. ಅಮ್ಮ ಅಡುಗೆಮನೆಯಲ್ಲಿ ತಲೆ ಚಚ್ಚಿಕೊಂಡಳು. ಆದರೆ ಹುಡುಗನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕುಲು ನಕ್ಕರು. ಸಂಬಂಧ ಕುದುರಿದ್ದು ಆ ನಗುವಿನಿಂದ. ಅವರೇ ನನ್ನ ಅತ್ತೆ. ಬ್ಯಾಂಕಿನಲ್ಲಿದ್ದ ನನ್ನ ಗಂಡ ಆ ಹೊತ್ತಿನಲ್ಲಿ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದರು.

ಪಾರ್ಲೆಗೆ ಬಂದ ಮೇಲೆ ಅತ್ತೆಯೇ ನನ್ನನ್ನು ಕೆಲಸ ಹುಡುಕಿಕೋ ಎಂದು ಹೊರಗೆ ದಬ್ಬಿದರು. ಸಿಕ್ಕಿದ್ದು ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಸಂಜೀವಣ್ಣನ ರಿಪೇರಿ ಅಂಗಡಿಯಲ್ಲಿ. ಸಂಜೀವಣ್ಣ ಮಂಗಳೂರು ಕಡೆಯವರು, ನೆಂಟರೆಲ್ಲ ಹೋಟೆಲು ಹಾಕಿದ ಬೀದಿಯಲ್ಲಿ ತಾವೊಬ್ಬರೇ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಕೂತವರು. ನನ್ನ ಡಿಪ್ಲೊಮಾ ಪ್ರಮಾಣಪತ್ರವನ್ನು ಮದುವೆ ಕರೆಯೋಲೆಯಂತೆ ತಿರುಗಿಸಿ ನೋಡಿ, ನನ್ನನ್ನು ಮುಂದಿನ ಕೌಂಟರಿನಲ್ಲಿ ಕೂರಿಸಿದರು. ಬಂದವರನ್ನು ಮಾತಾಡಿಸುವುದು, ಸೆಟ್ಟಿಗೆ ಚೀಟಿ ಅಂಟಿಸುವುದು, ಫೋನ್ ಎತ್ತುವುದು.

ನನ್ನ ಕಣ್ಣು ಮಾತ್ರ ಪರದೆಯ ಹಿಂದಿನ ಬೆಂಚಿನ ಮೇಲೆ. ರಿಪೇರಿ ನಡೆಯುತ್ತಿದ್ದದ್ದು ಅಲ್ಲಿ. ಬೆಂಚಿಗೆ ಎರಡು ಸ್ಟೂಲು. ಒಂದರ ಮೇಲೆ ಬಸಣ್ಣ, ಇನ್ನೊಂದರ ಮೇಲೆ ಸತ್ತ ಟೇಪ್‌ರೆಕಾರ್ಡರುಗಳ ಗುಡ್ಡೆ. ಆ ಎರಡನೆಯ ಸ್ಟೂಲು ನನಗೆ ಬೇಕಿತ್ತು. ಒಡವೆ ಬೇಕು, ಸೀರೆ ಬೇಕು ಎಂದು ಹೆಂಗಸರು ಹಂಬಲಿಸುತ್ತಾರಂತೆ. ನನಗೆ ಆ ಮೂರುಕಾಲಿನ, ಗ್ರೀಸ್ ಮೆತ್ತಿದ ಸ್ಟೂಲಿನ ಮೇಲೆ ಅಂಥ ಆಸೆ. ಕೇಳಿಯೂ ಕೇಳಿದೆ.

"ಆಗ್ಲಿಕ್ಕಿಲ್ಲ ಮಾರಾಯ್ರೆ," ಎಂದರು ಸಂಜೀವಣ್ಣ. "ಹೆಂಗಸರು ಸೋಲ್ಡರಿಂಗ್ ಮಾಡುವುದು ಗಿರಾಕಿಗಳು ನೋಡಿದ್ರೆ ಇದು ಮಿಕ್ಸರ್ ರಿಪೇರಿಯ ಅಂಗಡಿ ಅಂತ ಎಣಿಸ್ತಾರೆ."

ಬಸಣ್ಣ ವಿಜಾಪುರದ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಊರವರ ಜೊತೆ ಬಂದು, ಕುರ್ಲಾದ ಚಾಳಿನಲ್ಲಿ ಪಕ್ಕದ ಖೋಲಿಯವನ ರೇಡಿಯೋ ಬಿಚ್ಚಿ ಜೋಡಿಸಿ, ಅಲ್ಲಿಂದ ಈ ಬೆಂಚಿಗೆ ಬಂದವನು. ಅವನ ಕಿವಿಯೆಂದರೆ ಕಿವಿ. ಟೇಪು ಕೂದಲೆಳೆಯಷ್ಟು ವೇಗ ಹೆಚ್ಚಿದರೂ "ಓಡಾಕತ್ತೈತಿ" ಎನ್ನುತ್ತಿದ್ದ, ಕಡಿಮೆಯಾದರೂ "ಕುಂಟಾಕತ್ತೈತಿ" ಎನ್ನುತ್ತಿದ್ದ. ಮೋಟಾರಿನ ತೂತಿನೊಳಗಿನ ಪುಟ್ಟ ಸ್ಕ್ರೂವನ್ನು ಒಂದಿಷ್ಟು ತಿರುವಿ ಹಾಡನ್ನು ಅದರ ಶ್ರುತಿಗೆ ತಂದು ಕೂರಿಸಿದಾಗ ಅವನ ಮುಖದಲ್ಲಿ ಮಗು ಮಲಗಿಸಿದ ತಾಯಿಯ ಸಮಾಧಾನ ಇರುತ್ತಿತ್ತು. ಅವನ ಬೆಂಚಿಗೆ ಬಂದ ಸೆಟ್ಟು ಇನ್ನೊಬ್ಬರ ಬೆಂಚಿಗೆ ಹೋದದ್ದಿಲ್ಲ. ಅದು ಅವನ ಹೆಮ್ಮೆ, ಅಂಗಡಿಯ ಹೆಸರೂ ಅದೇ.

ಅಂಥ ಅಂಗಡಿಗೆ ಒಂದು ದಿನ ಸೀಡಿ ಪ್ಲೇಯರ್ ಬಂತು. ಆಗ ಅದು ದುಬೈಯಲ್ಲೋ ಲಂಡನ್ನಿನಲ್ಲೋ ನೆಂಟರಿದ್ದ ಮನೆಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ವಸ್ತು. ತಂದವರು ವಯಸ್ಸಾದ ಪಾರ್ಸಿ, ನಾವೆಲ್ಲ ಬಾವಾಜಿ ಎನ್ನುತ್ತಿದ್ದೆವು. ಸ್ನಾನ ಮಾಡಿಸಿದ ಕೂಸಿನಂತೆ ಟರ್ಕಿ ಟವಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಜೊತೆಗೆ ಅವರಲ್ಲಿದ್ದ ಒಂದೇ ಒಂದು ಡಿಸ್ಕು, ಅದರ ತುಂಬ ಪಿಟೀಲು. "ಸಂಭಾಲ್ ಕೇ, ಡೀಕ್ರಿ," ಎಂದು ನನ್ನ ಕೈಗಿಟ್ಟರು. ಮಗಳೇ ಜೋಪಾನ, ಎಂದರ್ಥ. ಪಿಟೀಲು ನಡುನಡುವೆ ತೊದಲುತ್ತದೆ ಎನ್ನುವುದು ಅವರ ದೂರು. ಶನಿವಾರ ಸಂಜೆ ಬರುತ್ತೇನೆ ಎಂದು ಹೋದರು.

ಬಸಣ್ಣ ಮುಚ್ಚಳ ತೆಗೆದ, ಒಳಗಿನ ಕಡಲೆಕಾಳಿನಷ್ಟು ಮಸೂರದ ಮೇಲೆ ಕೂತಿದ್ದ ಧೂಳನ್ನು ಹತ್ತಿಯಿಂದ ಒರೆಸಿದ, ಡಿಸ್ಕು ಹಾಕಿದ. ತೊದಲು ಮಾಯ. ಅಲ್ಲಿಗೆ ಮುಗಿಯಬೇಕಿತ್ತು. ಮುಚ್ಚಳ ಹಾಕಿ, ಟವಲು ಸುತ್ತಿ ಇಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಬಸಣ್ಣ ಅರೆಬರೆ ಕೆಲಸದವನಲ್ಲ. ಮುಚ್ಚಳ ತೆಗೆದೇ ಇಟ್ಟು, ಕೊನೆಯ ಹಾಡಿನವರೆಗೂ ಡಿಸ್ಕನ್ನು ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಪರದೆ ಸರಿಸಿ ಕರೆದ.

"ಅಕ್ಕಾರ, ಬರ್ರಿ ಇಲ್ಲಿ. ಇದರ ಮೋಟರಿಗೆ ದಮ್ಮಿಲ್ರಿ. ಶುರುವಿಗೆ ಹೆಂಗ ಓಡತಿತ್ತು! ಈಗ ನೋಡ್ರಿ, ಬಸರಿ ಎಮ್ಮಿ ನಡದಂಗ ನಡ್ಯಾಕತ್ತೈತಿ."

ನೋಡಿದೆ. ನಿಜ. ಮೊದಲು ಕಣ್ಣಿಗೆ ಹಿಡಿಯದಷ್ಟು ಭರದಿಂದ ಸುತ್ತುತ್ತಿದ್ದ ಡಿಸ್ಕು ಕೊನೆಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕಡಿಮೆ ವೇಗಕ್ಕೆ ಇಳಿದಿತ್ತು. ಸಂಜೀವಣ್ಣ ನೋಡಿದರು, ತಲೆಯಾಡಿಸಿದರು. ಡಿಪ್ಲೊಮಾ ಹೊತ್ತ ನಾನೂ ತಲೆಯಾಡಿಸಿದೆ. ನನ್ನ ಕಿವಿಯಲ್ಲಿ ಅಪ್ಪ "ಕೀಲಿ! ಕೀಲಿ!" ಎನ್ನುತ್ತಿದ್ದರು. ಪಿಟೀಲು ಆ ಹೊತ್ತಿಗೂ ಚೊಕ್ಕವಾಗಿಯೇ ನುಡಿಯುತ್ತಿತ್ತು ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಣ್ಣು ಹೇಳಿದ್ದನ್ನು ನಂಬಿ ಕಿವಿಯನ್ನು ಮನೆಗೆ ಕಳಿಸಿದ್ದೆವು.

ಹೊಸ ಮೋಟಾರು ಇಡೀ ಬಜಾರಿನಲ್ಲಿ ಸಿಗಲಿಲ್ಲ. ಬಸಣ್ಣ ತನ್ನ ಟೇಪ್‌ರೆಕಾರ್ಡರ್ ವಿದ್ಯೆಯನ್ನೇ ಪ್ರಯೋಗಿಸಿದ. ಯಂತ್ರದ ಬೋರ್ಡಿನಿಂದ ಮೋಟಾರಿಗೆ ಹೋಗುತ್ತಿದ್ದ ವೈರನ್ನು ಕಿತ್ತು, ಮೋಟಾರಿಗೆ ಬೇರೆಯೇ ಕರೆಂಟಿನ ವ್ಯವಸ್ಥೆ ಮಾಡಿ, ವೇಗ ಹೊಂದಿಸಲು ಒಂದು ಪುಟ್ಟ ತಿರುಗುಣಿ ಕೂರಿಸಿದ. ಇನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗ. ಎಷ್ಟು ಅಚ್ಚುಕಟ್ಟಿನ ಕೆಲಸವೆಂದರೆ ಸಂಜೀವಣ್ಣ ಎಲ್ಲರಿಗೂ ಚಹಾ ತರಿಸಿದರು.

ಚಹಾ ಬಂತು, ಹಾಡು ಬರಲಿಲ್ಲ. ಡಿಸ್ಕು ಒಂದೇ ಸಮನೆ ಸುತ್ತುತ್ತಿದೆ, ಪೆಟ್ಟಿಗೆಯಿಂದ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟಿದಂಥ ಸದ್ದು, ನಡುನಡುವೆ ಪಿಟೀಲಿನ ಚೂರು. ಸ್ವಲ್ಪ ಹೊತ್ತಿಗೆ ಯಂತ್ರವೇ ಬೇಸತ್ತು ನಿಂತುಬಿಡುತ್ತಿತ್ತು. ಬಸಣ್ಣ ತಿರುಗುಣಿಯನ್ನು ಹಾಗೆ ತಿರುವಿದ, ಹೀಗೆ ತಿರುವಿದ. ಮರುದಿನವೂ ತಿರುವಿದ. ಗುರುವಾರದ ಹೊತ್ತಿಗೆ ಅವನು ಊಟದ ಡಬ್ಬಿಯನ್ನೂ ಬಿಚ್ಚದೆ ಕೂತಿದ್ದ.

"ಬಿಟ್ಟುಬಿಡು ಮಾರಾಯ," ಎಂದರು ಸಂಜೀವಣ್ಣ. "ನಾಳೆ ಸಂಜೆ ದೊಡ್ಡ ಸರ್ವಿಸ್ ಸೆಂಟರಿಗೆ ಕಳಿಸುವ."

ಬಸಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ. ಅವನನ್ನು ಹಾಗೆ ನೋಡಲು ನನ್ನಿಂದಾಗಲಿಲ್ಲ. ಆ ಸಂಕಟದ ಜೊತೆಗೇ ಎರಡನೆಯ ಸ್ಟೂಲೂ ಕಣ್ಣಿಗೆ ಬಿತ್ತು ಎನ್ನುವುದನ್ನು ಯಾಕೆ ಮುಚ್ಚಿಡಲಿ?

"ನಾನೊಂದು ಸಲ ನೋಡ್ಲಾ?" ಎಂದೆ.

ಸಂಜೀವಣ್ಣ ನನ್ನನ್ನೂ ಸ್ಟೂಲನ್ನೂ ನೋಡಿದರು. ಅವರಿಗೆ ನನ್ನ ಕಾಯಿಲೆ ಗೊತ್ತಿತ್ತು. "ನೋಡಿ. ಶನಿವಾರ ಬಾವಾಜಿಯ ಎದುರಿಗೆ ಅದು ಕೊನೆಯವರೆಗೆ ಹಾಡಿದ್ರೆ ನೀವು ಬೆಂಚಿಗೆ. ಇಲ್ಲದಿದ್ರೆ ಕೌಂಟರ್ ಉಂಟು, ಕುರ್ಚಿ ಉಂಟು, ಆ ಮಾತು ಇನ್ನು ಎತ್ತಬಾರದು. ಆದೀತಾ?"

"ಆಯ್ತು" ಎಂದುಬಿಟ್ಟೆ. ಧೈರ್ಯ ಯಾವಾಗಲೂ ನನ್ನ ಬಾಯಿಗೆ ಮೊದಲು ಬರುತ್ತದೆ, ತಲೆಗೆ ಆಮೇಲೆ.

ಬಸಣ್ಣನ ಪಕ್ಕ ನಿಂತೆ, ಕೂರಲು ಸ್ಟೂಲೆಲ್ಲಿತ್ತು? ಮತ್ತೊಮ್ಮೆ ಡಿಸ್ಕು ಹಾಕಿಸಿದೆ. ಅವನು ತಿರುಗುಣಿಯ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಕಿವಿ ನಿಮಿರಿಸಿ, ಟಿಕ್ ಟಿಕ್ ಕಡಿಮೆಯಾಗುವ ಕಡೆಗೆ ನವಿರಾಗಿ ತಿರುವುತ್ತ ಹೋದ. ಆಗೊಂದು ವಿಚಿತ್ರ ಕಂಡೆ. ಅವನ ಕೈ ತಿರುಗುಣಿಯ ಮೇಲೆ ಇರುವಷ್ಟು ಹೊತ್ತು ಪಿಟೀಲು ಹರಿದ ಸೀರೆಯಂತಾದರೂ ಪಿಟೀಲೇ ಎಂದು ಗುರುತು ಸಿಗುತ್ತಿತ್ತು. ಕೈ ತೆಗೆದ ಕೂಡಲೇ ಹಲ್ಲಿ. ಅದಕ್ಕಿಂತ ವಿಚಿತ್ರ, ಅವನು ತಿರುವುತ್ತಿದ್ದದ್ದು ಒಂದೇ ದಿಕ್ಕಿಗೆ. ಯಾವಾಗಲೂ ನಿಧಾನದ ಕಡೆಗೆ, ಇನ್ನೂ ನಿಧಾನದ ಕಡೆಗೆ.

"ಬಸಣ್ಣ, ನೀವು ವೇಗ ಇಳಿಸ್ತಾನೇ ಇದ್ದೀರಲ್ಲ?"

"ನಾ ಎಲ್ಲಿ ಇಳಸ್ಲಿಕತ್ತೀನ್ರಿ? ಅದ ಕೇಳಾಕತ್ತೈತಿ. ಇನ್ನೊಂದು ಮಾತು ಹೇಳ್ಲೇನ್ರಿ ಅಕ್ಕಾರ? ನಾ ಜೋರು ಮಾಡಿದ್ರೂ ಧ್ವನಿ ಸಣ್ಣ ಆಗವಲ್ದು, ಹಳೂ ಮಾಡಿದ್ರೂ ದಪ್ಪ ಆಗವಲ್ದು. ಹರೀತೈತಿ, ಆದ್ರ ಶ್ರುತಿ ಬಿಡವಲ್ದು. ನನ್ನ ಜಲ್ಮದಾಗ ಇಂಥಾ ಮೋಟರ್ ನೋಡಿಲ್ರಿ."

ಇಷ್ಟು ದೊಡ್ಡ ಸುಳಿವನ್ನು ಅವನ ಕಿವಿ ನನ್ನ ಕೈಗೆ ಕೊಟ್ಟಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಮೀನಿನ ಬುಟ್ಟಿಗೂ ಯಾರದೋ ಮೊಣಕೈಗೂ ನಡುವೆ ನಿಂತು ಪಾರ್ಲೆಗೆ ಬಂದೆ.

ಮರುದಿನ ಶುಕ್ರವಾರ. ಶುಕ್ರವಾರವೆಂದರೆ ನಮ್ಮ ಮನೆಯಲ್ಲಿ ತುಳಸಿಯ ಪ್ರದಕ್ಷಿಣೆ. ಗ್ಯಾಲರಿಯ ಅಗಲ ನಿಮಗೆ ಗೊತ್ತಿಲ್ಲ, ಅಲ್ಲಿ ತುಳಸಿ ಇರಬಹುದು ಇಲ್ಲವೇ ಅತ್ತೆ ಇರಬಹುದು, ಇಬ್ಬರೂ ಇರಲಾಗದು. ಆದ್ದರಿಂದ ವಾರಕ್ಕೊಮ್ಮೆ ತುಳಸಿಯ ಕುಂಡ ಮನೆಯೊಳಕ್ಕೆ ಬಂದು ನಡುಮನೆಯಲ್ಲಿ ಮಣೆಯ ಮೇಲೆ ಕೂರುತ್ತಿತ್ತು. ಸೋಫಾ ಗೋಡೆಗೆ ಒತ್ತಬೇಕು, ನನ್ನ ಗಂಡ ಪೇಪರಿನ ಸಮೇತ ಬಾಗಿಲಿಗೆ ಒತ್ತಿಕೊಳ್ಳಬೇಕು. ಅತ್ತೆ ಸ್ತೋತ್ರ ಹೇಳಿಕೊಳ್ಳುತ್ತ, ಅದರ ಲಯಕ್ಕೆ ಸರಿಯಾಗಿ ಹೆಜ್ಜೆಯಿಡುತ್ತ ಸುತ್ತುತ್ತಿದ್ದರು. ಅವರ ಹೆಜ್ಜೆ ಎಂದೂ ಅವಸರವಾಗಲಿಲ್ಲ, ಎಂದೂ ತಡವಾಗಲಿಲ್ಲ.

ಅಂದು ಸುತ್ತುತ್ತಿದ್ದವರು ಸಟಕ್ಕನೆ ನಿಂತು ನನ್ನ ಭುಜ ಹಿಡಿದುಕೊಂಡರು.

"ತಲೆ ಸುತ್ತುತ್ತೆ ಕಣೇ. ಒಳ್ಳೆ ಬುಗುರಿ ಆಡಿಸಿದ ಹಾಗಾಗುತ್ತೆ ಈ ಮನೇಲಿ."

"ಕೂತ್ಕೊಳ್ಳಿ ಅತ್ತೆ. ಮೆಲ್ಲಗೆ ನಡೆಯೋದಲ್ವಾ?"

"ನಡಿಗೆ ಏನು ಬದಲಾಗಿದ್ಯೇನೇ? ನಮ್ಮೂರಲ್ಲಿ ದೇವಸ್ಥಾನದ ಪ್ರಾಕಾರ ಸುತ್ತುವಾಗಲೂ ಇದೇ ನಡಿಗೆ, ಇದೇ ಸ್ತೋತ್ರ. ಅಲ್ಲಿ ಒಂದು ಸುತ್ತು ಬರೋಷ್ಟರಲ್ಲಿ ಸ್ತೋತ್ರಾನೇ ಮುಗಿದುಹೋಗೋದು. ಇಲ್ಲಿ ಒಂದು ಸಾಲು ಹೇಳೋಷ್ಟರಲ್ಲಿ ಒಂದು ಸುತ್ತು! ಹತ್ತಿರ ಸುತ್ತಿದರೆ ತಲೆ ತಿರುಗದೆ ಇನ್ನೇನಾಗುತ್ತೆ?"

ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಡಿಸ್ಕಿನಲ್ಲಿ ಹಾಡು ಶುರುವಾಗುವುದು ಒಳಗಿನಿಂದ. ಗ್ರಾಮಫೋನ್ ತಟ್ಟೆಯಂತೆ ಹೊರ ಅಂಚಿನಿಂದಲ್ಲ. ಮಸೂರ ನಡುವಿನಿಂದ ಹೊರಟು ಅಂಚಿನ ಕಡೆಗೆ ಸರಿಯುವುದನ್ನು ನಾನೇ ಕಂಡಿದ್ದೆ. ಒಳಗಿನ ಸುತ್ತು ಚಿಕ್ಕದು, ತುಳಸಿಯದು. ಹೊರಗಿನ ಸುತ್ತು ದೊಡ್ಡದು, ಪ್ರಾಕಾರದ್ದು. ಮಸೂರದ ಎದುರು ಹಾಡು ಒಂದೇ ನಡಿಗೆಯಲ್ಲಿ ಸಾಗಬೇಕಾದರೆ ಒಳಗಿರುವಾಗ ಡಿಸ್ಕು ಬುಗುರಿಯಾಗಬೇಕು, ಹೊರಗೆ ಬಂದಂತೆ ಸಾವಕಾಶವಾಗಬೇಕು. ನಿಧಾನವಾದದ್ದು ರೋಗವೇ ಅಲ್ಲ. ನಾವು ಆರೋಗ್ಯವಂತ ಯಂತ್ರವನ್ನು ಹಿಡಿದು ಚಿಕಿತ್ಸೆ ಮಾಡಿದ್ದೆವು!

"ಅತ್ತೆ!" ಎಂದು ಕಿರುಚಿ, ಅವರನ್ನು ಅಪ್ಪಿಕೊಂಡೆ. ಮಡಿಯುಟ್ಟಿದ್ದರು. "ಅಯ್ಯೋ, ಮುಟ್ಟಿಬಿಟ್ಯಲ್ಲೇ!" ಎಂದು ಅವರು, "ಏನಾಯ್ತು?" ಎಂದು ಬಾಗಿಲ ಬಳಿಯಿಂದ ಇವರು. ನಾನು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಓಡುತ್ತಿದ್ದೆ. ಡಬ್ಬಿ ಮರೆತಿದ್ದೆ, ಕೊಡೆ ಮರೆತಿದ್ದೆ. ತಿಂಡಿ ತಿಂದಿರಲಿಲ್ಲ, ಆದರೂ ಹೊಟ್ಟೆ ತುಂಬಿತ್ತು.

ಅಂಗಡಿಯಲ್ಲಿ ನನ್ನ ಮಾತಿಗೆ ಮನ್ನಣೆ ಸಿಗಲಿಲ್ಲ. "ನಿಧಾನ ಆಗೋದೇ ಸರಿ" ಎಂದರೆ, ಆಯುಷ್ಯವೆಲ್ಲ ವೇಗ ಸರಿಮಾಡುತ್ತ ಬಂದ ಬಸಣ್ಣ ನನ್ನನ್ನು ಜ್ವರ ಬಂದವಳನ್ನು ನೋಡುವಂತೆ ನೋಡಿದ. ಕೊನೆಗೆ ಅವನನ್ನು ಎಬ್ಬಿಸಿ, ಎರಡನೆಯ ಸ್ಟೂಲನ್ನು ನಡುವಿಗೆಳೆದು, "ಇದನ್ನ ಸುತ್ತಿ" ಎಂದೆ. ನಾನು ಚಪ್ಪಾಳೆ ತಟ್ಟುತ್ತ ತಾಳ ಹಾಕಿದೆ, ಒಂದು ತಟ್ಟಿಗೆ ಒಂದು ಹೆಜ್ಜೆ. ಬಸಣ್ಣ ಟೇಪ್‌ರೆಕಾರ್ಡರುಗಳ ಗುಡ್ಡೆಯನ್ನು ಗಿರಗಿರ ಸುತ್ತಿದ. ಆಮೇಲೆ ಅದೇ ತಾಳಕ್ಕೆ ಉದ್ದ ಬೆಂಚನ್ನೂ ಕೌಂಟರನ್ನೂ ಸೇರಿಸಿ ಸುತ್ತಿಸಿದೆ. ಸಂಜೀವಣ್ಣ ಆಗ ತಾನೇ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು.

"ಎಂತ ಇದು? ಮದುವೆಯಾ?"

ಬಸಣ್ಣ ನಿಲ್ಲಲಿಲ್ಲ. ಪೂರ್ತಿ ಸುತ್ತು ಬಂದು, ನನ್ನೆದುರು ನಿಂತು, ಹಣೆ ಬೆವರು ಒರೆಸಿಕೊಂಡ. ಅವನ ಮುಖ ಮೆಲ್ಲಗೆ ಅರಳುತ್ತಿತ್ತು.

"ನಡಿಗಿ ಅದs ಐತ್ರಿ ಅಕ್ಕಾರ. ಸುತ್ತು ತಡಾ ಆತು. ಅಂದ್ರ ಅದು ಸುಸ್ತಾಗಿ ನಿಧಾನ ಆಗಿದ್ದಲ್ಲ?"

"ಅಲ್ಲ. ಬುದ್ಧಿಯಿಂದ ನಿಧಾನ ಆಗಿದ್ದು."

"ಹಂಗಾರ ಎಷ್ಟು ನಿಧಾನ ಆಗಬೇಕಂತ ಅದಕ್ಕ ಹೇಳಾವ್ರು ಯಾರ್ರಿ?"

ಒಳ್ಳೆಯ ಪ್ರಶ್ನೆ. ಉತ್ತರ ಬಸಣ್ಣನ ಕಿವಿಯ ಸುಳಿವಿನಲ್ಲೇ ಇತ್ತು. ವೇಗ ಏನೇ ಆದರೂ ಶ್ರುತಿ ಕೆಡಲಿಲ್ಲ ಎಂದರೆ ಹಾಡು ಡಿಸ್ಕಿನಿಂದ ನೇರವಾಗಿ ಸ್ಪೀಕರಿಗೆ ಬರುತ್ತಿಲ್ಲ, ನಡುವೆ ಎಲ್ಲೋ ತುಂಬಿಕೊಂಡು ಬರುತ್ತಿದೆ. ನಮ್ಮ ಮನೆಯ ನೀರಿನ ಡ್ರಮ್ಮಿನಂತೆ. ಮುನಿಸಿಪಾಲಿಟಿ ನೀರು ಒಮ್ಮೆ ಭರದಿಂದ, ಒಮ್ಮೆ ದಾರದಂತೆ ಬರುತ್ತದೆ. ಅದೆಲ್ಲ ಡ್ರಮ್ಮಿಗೆ. ನಾವು ಪಾತ್ರೆ ತೊಳೆಯುವುದು ಡ್ರಮ್ಮಿನ ಕೊಳಾಯಿಯಲ್ಲಿ, ಅದು ಒಂದೇ ಹದದಲ್ಲಿ ಬರುತ್ತದೆ. ಅತ್ತೆ ಕಣ್ಣಿಡುವುದು ಡ್ರಮ್ಮಿನ ಮಟ್ಟದ ಮೇಲೆ. ತುಂಬಿ ಚೆಲ್ಲುವಂತಾದರೆ ಮೇಲಿನ ನಲ್ಲಿ ಸಣ್ಣ ಮಾಡುತ್ತಾರೆ, ತಳ ಕಂಡರೆ ದೊಡ್ಡದು ಮಾಡುತ್ತಾರೆ. ಈ ಯಂತ್ರದಲ್ಲೂ ಹಾಗೆಯೇ ಒಂದು ಪುಟ್ಟ ಡ್ರಮ್ಮು. ಅದರಿಂದ ಹಾಡನ್ನು ಹೊರಗೆ ಬಿಡುವುದು ಗಡಿಯಾರದಲ್ಲಿರುವಂಥ ಒಂದು ಹರಳು, ತಾಳ ತಪ್ಪುವ ಜಾತಿಯೇ ಅಲ್ಲ ಅದು. ಡಿಸ್ಕಿನ ಮೇಲೆ ಹಾಡಿನ ಜೊತೆಗೆ ಸಮದೂರಕ್ಕೊಂದು ಗುರುತು ಇರುತ್ತದೆ. ಗುರುತುಗಳು ಹರಳಿನ ತಾಳಕ್ಕಿಂತ ಬೇಗ ಬೇಗ ಬಂದರೆ ಮೋಟಾರಿಗೆ 'ನಿಧಾನ' ಎಂಬ ಅಪ್ಪಣೆ, ತಡವಾದರೆ 'ಬೇಗ' ಎಂಬ ಅಪ್ಪಣೆ. ಆ ಅಪ್ಪಣೆ ಮೋಟಾರಿಗೆ ಹೋಗುತ್ತಿದ್ದದ್ದು ಯಾವುದರಲ್ಲಿ? ಬಸಣ್ಣ ಕಿತ್ತುಹಾಕಿದ ವೈರಿನಲ್ಲಿ. ಹರಳು ಪಾಪ ಮೂರು ದಿನದಿಂದ ನಿಧಾನ, ನಿಧಾನ ಎಂದು ಕೂಗಿಕೊಳ್ಳುತ್ತಿತ್ತು. ಕೇಳಬೇಕಾದ ಮೋಟಾರು ನಮ್ಮ ತಿರುಗುಣಿಯ ಮಾತು ಕೇಳುತ್ತಿತ್ತು, ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಆ ಟಿಕ್ ಟಿಕ್ ಚೆಲ್ಲಿದ ಸದ್ದು.

ಈ ಹರಳಿನ, ಗುರುತಿನ ವಿವರವೆಲ್ಲ ಆಗಲೇ ನನಗೆ ಇಷ್ಟು ನಿಚ್ಚಳವಾಗಿ ಗೊತ್ತಿತ್ತು ಎಂದರೆ ಸುಳ್ಳಾಗುತ್ತದೆ. ಅರ್ಧ ಊಹಿಸಿದ್ದು, ಅರ್ಧ ಆಮೇಲೆ ಓದಿ ತಿಳಿದದ್ದು. ಡ್ರಮ್ಮು ಮಾತ್ರ ಅಂದೇ ಹೇಳಿದ್ದೆ, ಬಸಣ್ಣನ ಆಣೆ.

ಬಸಣ್ಣ ಬೆಂಚಿಗೆ ಹೋದ. ತಾನೇ ಅಷ್ಟು ಚೆಂದವಾಗಿ ಜೋಡಿಸಿದ್ದ ತಿರುಗುಣಿಯನ್ನು ತಾನೇ ಬಿಚ್ಚಿದ. ಕಿತ್ತ ವೈರನ್ನು ಬೋರ್ಡಿಗೆ ಮತ್ತೆ ಬೆಸೆಯುವ ಮುಂಚೆ ಕಾದ ಸೋಲ್ಡರಿಂಗ್ ಕಡ್ಡಿಯನ್ನು ನನ್ನ ಕಡೆ ಚಾಚಿದ. "ನೀವs ಹಾಕ್ರಿ." ತೆಗೆದುಕೊಂಡು ಬಗ್ಗಿದೆ. ಬೆಸುಗೆ ಮುತ್ತಿನಂತೆ ಕೂತಿತು.

ಶನಿವಾರ ಸಂಜೆ ಬಾವಾಜಿ ಬಂದರು. ಕೋಟು, ಟೊಪ್ಪಿಗೆ, ಕೈಯಲ್ಲಿ ಖಾಲಿ ಟವಲು. ಬೆಂಚಿನ ಮೇಲೆ ಮುಚ್ಚಳ ತೆಗೆದ ಯಂತ್ರ. ನಾನು ನನ್ನ ಹಣೆಯ ಕೆಂಪು ಸ್ಟಿಕ್ಕರನ್ನು ತೆಗೆದು ಡಿಸ್ಕಿನ ಹೆಸರು ಬರೆದ ಬದಿಯಲ್ಲಿ ಅಂಟಿಸಿದೆ, ಸುತ್ತುವುದು ಎಲ್ಲರಿಗೂ ಕಾಣಲಿ ಎಂದು. ಬಾವಾಜಿ ಹುಬ್ಬೇರಿಸಿದರು. ಗುಂಡಿ ಒತ್ತಿದೆ. ಕೆಂಪು ಚುಕ್ಕೆ ಕರಗಿ ಕೆಂಪು ಬಳೆಯಾಯಿತು. ಪಿಟೀಲು ಎದ್ದಿತು.

ಮೊದಲ ಹಾಡು ಮುಗಿಯಿತು. ಟಿಕ್ ಇಲ್ಲ. ಬಾವಾಜಿ ಕಣ್ಣು ಮುಚ್ಚಿ ಕೂತುಬಿಟ್ಟರು. ಸಂಜೀವಣ್ಣ ಮಾತ್ರ ನಂಬಿಕೆಯಿಲ್ಲದೆ ಬೆಂಚಿನ ಪಕ್ಕದಲ್ಲೇ ನಿಂತರು. ಹಾಡು ಹಾಡಿಗೂ ಆ ಬಳೆ ಒಂದಿಷ್ಟು ತೆಳುವಾಗುತ್ತಿತ್ತು, ನಡುಗುತ್ತಿತ್ತು, ಕೊನೆಯ ಹಾಡಿಗೆ ಬರುವಷ್ಟರಲ್ಲಿ ಬಳೆ ಒಡೆದು ಮತ್ತೆ ಚುಕ್ಕೆಯಾಯಿತು. ಈಗ ಅದು ಸುತ್ತುವುದನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದಿತ್ತು. ಅತ್ತೆ ಪ್ರಾಕಾರ ಸುತ್ತುತ್ತಿದ್ದರು! ಬಸಣ್ಣ ನೋಡುತ್ತಿರಲಿಲ್ಲ, ಅವನು ತಲೆ ಬಗ್ಗಿಸಿ ಬರೀ ಕೇಳುತ್ತಿದ್ದ. ಪಿಟೀಲು ಮೇಲೇರಿತು, ಮೇಲೆ ನಿಂತಿತು, ಒಂದೇ ಎಳೆಯಲ್ಲಿ ಇಳಿದು ಮುಗಿಯಿತು. ಡಿಸ್ಕು ನಿಂತಿತು.

"ಕೂದಲಷ್ಟೂ ಕುಂಟಲಿಲ್ರಿ," ಎಂದ ಬಸಣ್ಣ. ಹೇಳಿ ಚಪ್ಪಾಳೆ ತಟ್ಟಿದ. ಸಂಜೀವಣ್ಣನೂ ತಟ್ಟಿದರು. ಬಾಗಿಲಲ್ಲಿ ತನ್ನ ಟೂ‌-ಇನ್‌-ಒನ್ ಹಿಡಿದು ನಿಂತಿದ್ದ ಯಾರೋ ಗಿರಾಕಿಯೂ, ಯಾಕೆಂದು ಗೊತ್ತಿಲ್ಲದೆ, ತಟ್ಟಿದ. ಮೋಟಾರು ನಿಧಾನವಾಯಿತೆಂದು ಸಂಭ್ರಮ ಪಟ್ಟ ರಿಪೇರಿ ಅಂಗಡಿ ಇಡೀ ಮುಂಬಯಿಯಲ್ಲಿ ಅದೊಂದೇ ಇರಬೇಕು. ಬಾವಾಜಿ ಕಣ್ಣು ತೆರೆದರು, ಒದ್ದೆಯಾಗಿದ್ದವು. "ಕಿಸ್‌ನೇ ಬನಾಯಾ?" ಎಂದು, ಸರಿಮಾಡಿದವರು ಯಾರೆಂದು, ಕೇಳಿದರು.

ಸಂಜೀವಣ್ಣ ಒಂದು ಕ್ಷಣ ಬಸಣ್ಣನನ್ನು ನೋಡಿದರು. ಬಸಣ್ಣ ಗಲ್ಲವೆತ್ತಿ ನನ್ನ ಕಡೆ ತೋರಿಸಿದ. "ಯೇ ಮೇಡಮ್‌ನೇ," ಎಂದರು ಸಂಜೀವಣ್ಣ, ತಮ್ಮ ಜೀವಮಾನದಲ್ಲಿ ಎಂದೂ ಬೇರೆ ಮಾತೇ ಆಡಿರಲಿಲ್ಲವೆನ್ನುವ ಗತ್ತಿನಿಂದ. "ಹಮಾರಾ ಸೀಡಿ ಸ್ಪೆಷಲಿಸ್ಟ್."

ಬಾವಾಜಿ ಡಿಸ್ಕಿನ ಮೇಲಿನ ಕೆಂಪು ಸ್ಟಿಕ್ಕರನ್ನು ಕೀಳಗೊಡಲಿಲ್ಲ. ಇರಲಿ, ಯಂತ್ರಕ್ಕೆ ದೃಷ್ಟಿಯಾಗುವುದಿಲ್ಲ ಎಂದರು.

ಅತ್ತೆಗೆ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿ, "ಹಾಗಾದ್ರೆ ಆ ಪೆಟ್ಟಿಗೆಗೂ ಶುರುವಿನಲ್ಲಿ ತಲೆ ಸುತ್ತುತ್ತಾ?" ಎಂದರು. ಮುಂದಿನ ಶುಕ್ರವಾರದಿಂದ ಸೋಫಾವನ್ನು ಹೊರಗೆ ಪ್ಯಾಸೇಜಿಗೇ ಹಾಕಿಸಿ, ಗೋಡೆಗುಂಟ ದೊಡ್ಡ ಸುತ್ತು ಹಾಕತೊಡಗಿದರು. ತಲೆಸುತ್ತು ನಿಂತಿತು. ನನ್ನ ಗಂಡ ಪೇಪರಿನ ಸಮೇತ ಸೋಫಾದ ಹಿಂದೆ ಪ್ಯಾಸೇಜಿಗೆ ಹೋದರು.

ಆದರೆ ನಾನು ಮರೆಯಲಾರದ್ದು ಅದೇ ಸಂಜೆ, ಬಾವಾಜಿ ಟವಲಿನ ಕೂಸನ್ನೆತ್ತಿಕೊಂಡು ಟ್ಯಾಕ್ಸಿ ಹತ್ತಿದ ಮೇಲಿನದು. ನಾನು ಅಭ್ಯಾಸಬಲದಿಂದ ಕೌಂಟರಿನ ಕಡೆ ಹೊರಟಿದ್ದೆ. ಹಿಂದೆ ದಡಬಡ ಸದ್ದಾಯಿತು. ತಿರುಗಿ ನೋಡಿದರೆ ಬಸಣ್ಣ ಎರಡನೆಯ ಸ್ಟೂಲಿನ ಮೇಲಿದ್ದ ಸತ್ತ ಟೇಪ್‌ರೆಕಾರ್ಡರುಗಳನ್ನೆಲ್ಲ ಎರಡೂ ತೋಳಲ್ಲಿ ಬಾಚಿ ಮೂಲೆಗೆ ಸುರಿಯುತ್ತಿದ್ದ. ಹೆಗಲ ಮೇಲಿನ ಟವಲು ತೆಗೆದು ಸ್ಟೂಲು ಒರೆಸಿದ. ಗ್ರೀಸು ಹೋಗಲಿಲ್ಲ, ಮತ್ತೆ ಒರೆಸಿದ. ತನ್ನ ಇಕ್ಕಳ, ಕಡ್ಡಿ, ಮೀಟರನ್ನೆಲ್ಲ ಬೆಂಚಿನ ಒಂದು ಬದಿಗೆ ಸರಿಸಿ ಅರ್ಧ ಬೆಂಚು ಖಾಲಿ ಮಾಡಿದ.

"ನಿಂತು ಏನ್ ಮಾಡ್ತೀರಿ ಅಕ್ಕಾರ? ಕೆಲಸ ಬಾಳ ಐತಿ. ಕುಂದರ್ರಿ."

ಕೂತೆ. ಅಂಗಡಿ ಇರುವವರೆಗೂ ಏಳಲಿಲ್ಲ.